ತಬುನ್ ಬಿಟ್ಟು ಒಸೊರಕು ಹಿಡಿದರೂ ಮೇಲ್ ಸರಿಹೋಗುತ್ತಿಲ್ಲ: ಜಪಾನಿ ಕ್ರಿಯಾವಿಶೇಷಣಗಳ ಗೋಳು

ಅರ್ಧದಾರಿ:

ಎಲ್ಲರಿಗೂ ನಮಸ್ಕಾರ. ಕಳೆದ ಡಿಸೆಂಬರ್‌ನಲ್ಲಿ ಜಪಾನಿ ಭಾಷಾ ಪರೀಕ್ಷೆಯ ಎನ್3 ಹಂತ ಬರೆದು ಪಾಸಾದೆ. 180ಕ್ಕೆ 112 ಬಂತು, ಪಾಸಿಗೆ 95 ಸಾಕು, ಮನೆಯಲ್ಲಿ ಪಾಯಸವೂ ಆಯ್ತು. ಈಗ ಅದರ ಮೇಲಿನ ಎನ್2ಗೆ ಕೂತಿದ್ದೇನೆ. ಕಂಜಿ (ಚೀನಾದಿಂದ ಬಂದ ಅಕ್ಷರಗಳು) ಬರೆದು ಬರೆದು ಹೇಗೋ ಕೈಗೆ ಹತ್ತುತ್ತಿದೆ, ವ್ಯಾಕರಣವೂ ಪರವಾಗಿಲ್ಲ. ತಲೆ ತಿನ್ನುತ್ತಿರುವುದು ಕ್ರಿಯಾವಿಶೇಷಣಗಳು. ಅದರಲ್ಲೂ ಆಫೀಸ್ ಮೇಲ್, ವರದಿ, ಪ್ರಬಂಧಗಳಲ್ಲಿ ಬರುವ ಗಂಭೀರ ಜಾತಿಯವು.

ನನಗಾದ ಎರಡು ಅವಮಾನ ಹೇಳಿಬಿಡುತ್ತೇನೆ. ಮೊದಲನೆಯದು ಕ್ಲಾಸಿನದು. ಪ್ರಬಂಧದಲ್ಲಿ ಎಲ್ಲಾ ಕಡೆ 'ತೊತೆಮೊ' (ತುಂಬಾ) ಅಂತ ಬರೆದಿದ್ದೆ, ಸೆನ್ಸೇ, ಅಂದರೆ ಮೇಷ್ಟ್ರು, ಕೆಂಪು ಪೆನ್ನಲ್ಲಿ ಸುತ್ತು ಹಾಕಿದರು. ಸರಿ ಅಂತ ಒಂದು ಪಟ್ಟಿ ಉರು ಹೊಡೆದೆ. ತೊತೆಮೊ ಬದಲು ಕಿವಮೆತೆ, ತಬುನ್ (ಬಹುಶಃ) ಬದಲು ಒಸೊರಕು, ದಂದನ್ (ಆಮೇಲಾಮೇಲೆ) ಬದಲು ಜೊಜೊನಿ, ಇತ್ಸುಮೊ (ಯಾವಾಗಲೂ) ಬದಲು ತ್ಸುನೆನಿ. ಮುಂದಿನ ವಾರ 'ಕೊನೊ ಹೊನ್ ವ ಕಿವಮೆತೆ ಒಮೊಶಿರೊಯ್ ಕರ ಮಿನ್ನ ಯೊಂದೆ ನೆ' ಅಂತ ಬರೆದುಕೊಂಡು ಹೋದೆ. ಅವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಎರಡನೆಯದು ಕೆಲಸದ್ದು. ಕ್ಲೈಂಟ್ ಜತೆ ಕಾಲ್. ಡೇಟಾ ಪರೀಕ್ಷೆ ಮಾಡಿದಿರಾ ಅಂದರು. ಎರಡು ದಿನ ಕೂತು ಸಾಲು ಸಾಲು ನೋಡಿದ್ದೆ. 'ಹೈ, ಇಚಿಓ ಕಕುನಿನ್ ಶಿಮಶಿತ' ಅಂದೆ. ಆ ಕಡೆಯಿಂದ ಮೆಲ್ಲಗೆ 'ಇಚಿಓ... ದೆಸ್ ಕ?' ಅಂತ ಬಂತು. ಆಮೇಲೆ ಮೌನ. ಸಂಜೆ ಇನ್ನೊಮ್ಮೆ ಪರೀಕ್ಷೆ ಮಾಡಿ ಅಂತ ಮೇಲ್ ಬಂತು.

ನೀವೆಲ್ಲ ಇದನ್ನು ಹೇಗೆ ಕಲಿತಿರಿ? ಪಟ್ಟಿ ಬೇಡ, ಪಟ್ಟಿ ನನ್ನ ಹತ್ತಿರ ನಾಲ್ಕಿವೆ.

ಕವಾಸಾಕಿ_ಕನ್ನಡಿಗ:

ಇಚಿಓಗೆ ಬಲಿಯಾದವರ ಸಂಘಕ್ಕೆ ಸ್ವಾಗತ. ಜಪಾನಿಗೆ ಬಂದ ಮೊದಲ ವರ್ಷ ನಾನೂ ದಿನಕ್ಕೆ ಹತ್ತು ಸಲ ಅಂತಿದ್ದೆ. ಸುತ್ತಮುತ್ತ ಜಪಾನಿಗಳೇ ಅಂತಿದ್ದರಲ್ಲ, ಅದಕ್ಕೆ. ಆದರೆ ಅವರು ಹೇಳುವಾಗ ಅದು ತಗ್ಗಿ ನಡೆಯುವ ಮಾತು, 'ಏನೋ ನನ್ನ ಕೈಲಾದಷ್ಟು ಮಾಡಿದ್ದೇನೆ' ಅನ್ನುವ ಹಾಗೆ. ನೀವು ಕ್ಲೈಂಟ್‌ಗೆ ಅಂದರೆ ಅವರಿಗೆ ಕೇಳಿಸುವುದು 'ಹಂಗೂ ಹಿಂಗೂ ಒಂದ್ಸಲ ಕಣ್ಣಾಡಿಸಿದೆ ಸಾರ್'. ನಿಜವಾಗಿ ನೋಡಿದ್ದರೆ ಆ ಪದವೇ ಬೇಡ. 'ಕಕುನಿನ್ ಇತಶಿಮಶಿತ', ಪರೀಕ್ಷೆ ಮಾಡಿದ್ದೇನೆ ಅಂತ, ಮುಗೀತು.

ತೊರಿಅಎಜು ಕೂಡ ಇದೇ ಕುಲ. ಇಜಕಾಯಾದಲ್ಲಿ (ಜಪಾನಿ ಬಾರ್) ಕೂತು 'ತೊರಿಅಎಜು ಬೀರು' ಅಂದರೆ ಯಾರೂ ತಪ್ಪು ತಿಳಿಯಲ್ಲ, ಮೊದಲು ಬಿಯರ್ ಬರಲಿ, ಮಿಕ್ಕಿದ್ದು ಆಮೇಲೆ. ಆದರೆ ಬಾಸ್‌ಗೆ 'ತೊರಿಅಎಜು ಯತ್ತೆ ಒಕಿಮಶಿತ' ಅಂದರೆ ಕೆಲಸ ಅರ್ಧಕ್ಕೆ ಬಿಟ್ಟ ಹಾಗೆ. ಅದರ ಬದಲು 'ತೊರಿಇಸೊಗಿ ಗೊಹೋಕೊಕು ಮದೆ' (ಅವಸರದಲ್ಲಿ ಇಷ್ಟು ವರದಿ) ಅಂತ ಮೇಲ್ ಮುಗಿಸುವವರಿದ್ದಾರೆ. ಅದೂ ಸಮಾನರಿಗೆ ಸರಿ, ಮೇಲಿನವರಿಗೆ ಬರೆದರೆ ಮಾತು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋದ ಹಾಗಿರುತ್ತೆ ಅನ್ನುವವರು ಇಲ್ಲಿ ಜಾಸ್ತಿ. 'ಮಜು ವ ಗೊಹೋಕೊಕು ಮೋಶಿಅಗೆಮಸ್' (ಮೊದಲಿಗೆ ವರದಿ ಒಪ್ಪಿಸುತ್ತೇನೆ) ಅಂದರೆ ಯಾರೂ ಕೊಂಕು ತೆಗೆಯಲ್ಲ.

ನಿಮ್ಮ ಕಿವಮೆತೆ ವಾಕ್ಯವನ್ನು ಕನ್ನಡಕ್ಕೆ ತಂದು ನೋಡಿ, ಸೆನ್ಸೇ ಯಾಕೆ ನಕ್ಕರು ಅಂತ ತಾನೇ ಗೊತ್ತಾಗುತ್ತೆ. 'ಈ ಪುಸ್ತಕವು ಅತ್ಯಂತ ಸ್ವಾರಸ್ಯಕರವಾಗಿದೆ ಕಣ್ರೋ, ಎಲ್ರೂ ಓದ್ರೋ.' ಪದ ತಪ್ಪಲ್ಲ. ವಾಕ್ಯದ ಬಾಲ ತಪ್ಪು.

ಅದೇ ವಿಷಯ ನೋಡಿ. ಈ ಪದಗಳು ಒಂಟಿಯಾಗಿ ಓಡಾಡಲ್ಲ. 'ಚೊತ್ತೊ ಮತ್ತೆ' (ಸ್ವಲ್ಪ ತಾಳು) ಸರಿ, 'ಶೋಶೋ ಒಮಚಿ ಕುದಸೈ' (ದಯವಿಟ್ಟು ಸ್ವಲ್ಪ ಕಾಯಿರಿ) ಸರಿ. 'ಶೋಶೋ ಮತ್ತೆ' ಅಂತ ಯಾರ ಬಾಯಲ್ಲೂ ಬರಲ್ಲ. 'ಆಗಲೇ ಹೇಳಿದೆ' ಅನ್ನಲು 'ಸಕ್ಕಿ ಇತ್ತ' ಗೆಳೆಯನಿಗೆ, 'ಸಕಿಹೊದೊ ಮೋಶಿಅಗೆಮಶಿತ' ಕ್ಲೈಂಟ್‌ಗೆ. ಮೊದಲಿನ ಪದ ಬದಲಾಯಿಸಿ ಕೊನೆಯ ಕ್ರಿಯಾಪದ ಹಾಗೇ ಬಿಟ್ಟರೆ ಮೇಲೆ ಕೋಟು, ಕೆಳಗೆ ಲುಂಗಿ. ಹಾಗಾಗಿ ನಾನು ಪದ ಕಲಿಯುವುದು ಬಿಟ್ಟು ಇಡೀ ವಾಕ್ಯವನ್ನೇ ನೆನಪಿನ ಕಾರ್ಡಿಗೆ ಹಾಕತೊಡಗಿದೆ.

ಹಳೇಮೇಷ್ಟ್ರು:

ನಾನು ನಿವೃತ್ತ ಕನ್ನಡ ಮೇಷ್ಟ್ರು. ಮಗಳು ನಾಗೋಯಾದಲ್ಲಿದ್ದಾಳೆ, ಮೊಮ್ಮಗನ ಜತೆ ಮಾತಾಡಬೇಕು ಅಂತ 63ನೇ ವಯಸ್ಸಿನಲ್ಲಿ ಶುರುಮಾಡಿದೆ, ಈಗ ಎನ್4 ದಾಟಿ ಕೂತಿದ್ದೇನೆ.

ನನ್ನ ಅನುಭವ ಹೇಳುತ್ತೇನೆ. ನಮಗೆ ಇದು ಹೊಸದೇನಲ್ಲ. ಕನ್ನಡದಲ್ಲಿ ದೇಸಿ ಪದ ಮನೆಗೆ, ಸಂಸ್ಕೃತ ಪದ ಸಭೆಗೆ. ಮನೆಯಲ್ಲಿ 'ಆಮೇಲಾಮೇಲೆ', ವರದಿಯಲ್ಲಿ 'ಕ್ರಮೇಣ'. ಮನೆಯಲ್ಲಿ 'ಬೇಗ', ಸುತ್ತೋಲೆಯಲ್ಲಿ 'ಶೀಘ್ರವಾಗಿ'. ಜಪಾನಿನಲ್ಲೂ ಹಾಗೇ, ಸ್ವಂತದ್ದು ವಾಗೊ, ಚೀನಾದಿಂದ ಬಂದದ್ದು ಕಾಂಗೊ. ನಾವು '-ಆಗಿ' ಹಚ್ಚುವ ಕಡೆ ಅವರು '-ನಿ' ಹಚ್ಚುತ್ತಾರೆ: ಸಂಪೂರ್ಣವಾಗಿ, ಕಂಜೆನ್‌ನಿ. ಗಂಭೀರವಾಗಿ ಬರೆಯಬೇಕಾದರೆ ಕಾಂಗೊ ಹಿಡಿ, ಇಷ್ಟೇ ಸೂತ್ರ.

ಇನ್ನೊಂದು ಮಾತು. ಇಂಗ್ಲಿಷ್ ಅಕ್ಷರದಲ್ಲಿ ಜಪಾನಿ ಬರೆದುಕೊಳ್ಳಬೇಡಿ. ನಮ್ಮ ಲಿಪಿಯಲ್ಲಿ ಒ ಬೇರೆ, ಓ ಬೇರೆ; ಅ ಬೇರೆ, ಆ ಬೇರೆ. ಒಬಸನ್ ಅಂದರೆ ಅತ್ತೆ ಚಿಕ್ಕಮ್ಮ, ಒಬಾಸನ್ ಅಂದರೆ ಅಜ್ಜಿ. ಕನ್ನಡದಲ್ಲಿ ಬರೆದವನು ಈ ತಪ್ಪು ಮಾಡೋದೇ ಇಲ್ಲ.

ಕಾನೂನು_ಅನುವಾದ:

ಮೇಷ್ಟ್ರೇ, ಲಿಪಿಯ ಮಾತು ನೂರಕ್ಕೆ ನೂರು ಒಪ್ಪಿದೆ. ಸೂತ್ರ ಮಾತ್ರ ಒಪ್ಪಲಾರೆ. ಅದೇ ಸೂತ್ರ ನಂಬಿ ನಾನು ಒಂದು ವರ್ಷ ಹಾಳು ಮಾಡಿಕೊಂಡೆ.

ತಬುನ್ ಪದದ ಎರಡು ಕಂಜಿ ನೋಡಿ, ಎರಡಕ್ಕೂ ಚೀನಾ ಮೂಲದ ಉಚ್ಚಾರಣೆ. ಕಾಂಗೊ. ಆದರೆ ಮಾತಿನ ಪದ. ಜೆನ್‌ಜೆನ್ (ಒಂಚೂರೂ ಇಲ್ಲ) ಕಾಂಗೊ, ಜೆತ್ತೈ (ಖಂಡಿತ) ಕಾಂಗೊ, ಇಚಿಬನ್ (ಎಲ್ಲಕ್ಕಿಂತ ಹೆಚ್ಚು) ಕಾಂಗೊ. ನಾಲ್ಕನ್ನೂ ವರದಿಯಲ್ಲಿ ಬರೆದರೆ ಸೆನ್ಸೇ ಕೆಂಪು ಪೆನ್ನು ತೆಗೆಯುತ್ತಾರೆ. ಇವುಗಳ ಜಾಗಕ್ಕೆ ಬರುವವು ಯಾವುವು ಹೇಳಿ? ತಬುನ್ ಜಾಗಕ್ಕೆ ಒಸೊರಕು, ಜೆನ್‌ಜೆನ್ ಜಾಗಕ್ಕೆ ಮತ್ತಕು, ಇಚಿಬನ್ ಜಾಗಕ್ಕೆ ಮೊತ್ತೊಮೊ. ಮೂರೂ ಅಪ್ಪಟ ವಾಗೊ! ಕಿವಮೆತೆ, ಮಕೊತೊನಿ (ನಿಜಕ್ಕೂ), ಯಹರಿ (ಅಂದುಕೊಂಡ ಹಾಗೇ), ಇವೂ ವಾಗೊ. ಯಹರಿಯನ್ನು ಮಾತಿನಲ್ಲಿ ಒತ್ತಿ ಹೇಳಿದರೆ ಯಪ್ಪರಿ ಆಗುತ್ತೆ, ಅಲ್ಲಿಗೆ ಅದು ಮನೆಮಾತು. ಒಳಗಿನ ಒತ್ತಕ್ಷರ ಒಂದೇ ವ್ಯತ್ಯಾಸ.

ಜೊಜೊನಿ, ಹಿಜೋನಿ (ಅತ್ಯಂತ) ತರದವು ನಿಮ್ಮ ಸೂತ್ರಕ್ಕೆ ಹೊಂದುತ್ತವೆ, ಇಲ್ಲ ಅನ್ನಲ್ಲ. ಆದರೆ ದಿನಾ ಬೇಕಾಗುವ ಪದಗಳಲ್ಲೇ ಸೂತ್ರ ಕೈಕೊಡುತ್ತೆ.

ಹಳೇಮೇಷ್ಟ್ರು:

ಸೋತೆ. ಆದರೆ ಸೋತ ಮೇಲೆ ಯೋಚಿಸಿದರೆ ಕನ್ನಡದಲ್ಲೂ ನನ್ನ ಸೂತ್ರ ನಿಲ್ಲುವುದಿಲ್ಲ ನೋಡಿ. 'ನಿಧಾನ' ಸಂಸ್ಕೃತ, 'ಮೆಲ್ಲನೆ' ಅಚ್ಚಗನ್ನಡ. ಬಸ್ ಇಳಿಯುವಾಗ 'ನಿಧಾನಕ್ಕೆ ಇಳಿಯಮ್ಮ' ಅಂತೇವೆ. 'ಮೆಲ್ಲನೆ' ಎನ್ನುವುದು ನನ್ನ ಕಡೆ ಪದ್ಯದಲ್ಲೇ ಹೆಚ್ಚು. 'ಖಂಡಿತ' ಸಂಸ್ಕೃತ, ಆದರೂ ತರಕಾರಿ ಮಾರುವವರ ಬಾಯಲ್ಲೂ ಇದೆ. ನಲವತ್ತು ವರ್ಷ ಪಾಠ ಹೇಳಿ ಇದು ಹೊಳೆದಿರಲಿಲ್ಲ.

ಅನಿಮೆ_ಹುಚ್ಚ:

ಎಲ್ಲಾ ಸರಿ ಗುರು, ಆದರೆ ಇದೆಲ್ಲ ಯಾಕೆ? ನಾನು ಆರು ವರ್ಷದಿಂದ ಅನಿಮೆ (ಜಪಾನಿ ಕಾರ್ಟೂನ್) ನೋಡುತ್ತಿದ್ದೇನೆ, ಯಾರೂ ಒಸೊರಕು ಹಿಜೋನಿ ಅಂತ ಮಾತಾಡಲ್ಲ. ಖಳನಾಯಕ ಬಿಟ್ಟು. ಪರೀಕ್ಷೆಗೆ ಬೇಕು ಅಂತ ಓದೋದು ಅಷ್ಟೇ ಅಲ್ವಾ?

ಕವಾಸಾಕಿ_ಕನ್ನಡಿಗ:

ನಿನ್ನ ಅನಿಮೆಯಲ್ಲಿ ಹುಡುಗ ಮನೆಗೆ ಬಂದು ಬಾಗಿಲಲ್ಲಿ ಏನು ಕೂಗ್ತಾನೆ? 'ತದೈಮ!' ಅದು 'ತದೈಮ ಕಎರಿಮಶಿತ' ಅನ್ನುವುದರ ತುಂಡು, 'ಈಗಷ್ಟೇ ಬಂದೆ' ಅಂತ. ಇಮ (ಈಗ) ಅನ್ನುವುದಕ್ಕೆ ಗಂಭೀರ ರೂಪವೇ ಈ ತದೈಮ. ಆಫೀಸ್ ಫೋನಲ್ಲಿ ಇದೇ ಪದ ಬರುತ್ತೆ, 'ತಂತೋಶ ವ ತದೈಮ ಸೆಕಿ ಒ ಹಜುಶಿತೆ ಒರಿಮಸ್', ಸಂಬಂಧಪಟ್ಟವರು ಸದ್ಯ ಸೀಟಿನಲ್ಲಿಲ್ಲ ಅಂತ. ಆರು ವರ್ಷದಿಂದ ನೀನು ಗಂಭೀರ ಕ್ರಿಯಾವಿಶೇಷಣ ಕೇಳುತ್ತಲೇ ಇದ್ದೀಯ.

ಮನೆಯಿಂದ ಹೊರಗೆ ಕಾಲಿಟ್ಟರೆ ಎಲ್ಲಾ ಕಡೆ ಇವೇ. ಸ್ಟೇಷನ್‌ನಲ್ಲಿ 'ಮಮೊನಕು, ಇಚಿಬನ್ ಸೆನ್ ನಿ...' ಅಂತ ಶುರುವಾದರೆ ಇನ್ನೇನು ಒಂದನೇ ಲೈನಿಗೆ ರೈಲು ಬಂತು ಅಂತ. ಮನೆಮಾತಿನ ಮೋಸುಗು ಅಲ್ಲ, ಮಮೊನಕು. ಮುಚ್ಚಿದ ಅಂಗಡಿ ಬಾಗಿಲ ಮೇಲೆ 'ಮಕೊತೊನಿ ಕತ್ತೆ ನಗರ ಹೊಂಜಿತ್ಸು ಕ್ಯೂಗ್ಯೋ', ನಮ್ಮ ಅನುಕೂಲಕ್ಕೆ ಇವತ್ತು ರಜೆ, ಕ್ಷಮಿಸಿ ಅಂತ. (ಆ 'ಕತ್ತೆ'ಯನ್ನು ಮೊದಲ ಸಲ ಕನ್ನಡದಲ್ಲಿ ಬರೆದುಕೊಂಡು ಒಬ್ಬನೇ ನಕ್ಕಿದ್ದೆ.) ಕ್ಯಾಷ್ ಕೌಂಟರಿನಲ್ಲಿ ಶೋಶೋ. ನೀನು ಮಾತಾಡದಿದ್ದರೂ ನಿನಗೆ ಇದನ್ನೇ ಹೇಳುತ್ತಾರೆ.

ಸೆಕೆಂಡ್‌ಶಿಫ್ಟ್:

ನಂದೊಂದು ಚಿಕ್ಕದು. ಫ್ಯಾಕ್ಟರಿಗೆ ಜಪಾನಿನಿಂದ ಒಬ್ಬ ಹಿರಿಯ ಇಂಜಿನಿಯರ್ ಬಂದಿದ್ದರು, ವೆಲ್ಡಿಂಗ್ ಮಾಡಿ ತೋರಿಸಿದರು. ನಾನು ಹೊಗಳೋಣ ಅಂತ 'ನಕನಕ ಒಜೋಜು ದೆಸ್ ನೆ' ಅಂದೆ. ಡಿಕ್ಷನರಿಯಲ್ಲಿ ನಕನಕ ಅಂದರೆ 'ಸಾಕಷ್ಟು' ಅಂತಿತ್ತು. ಪಕ್ಕದಲ್ಲಿದ್ದ ದುಭಾಷಿ ಮೇಡಂ ಮುಖ ಬೆಳ್ಳಗಾಯ್ತು. ನಾನು ಹೇಳಿದ್ದು, 'ಪರವಾಗಿಲ್ಲ ಸಾರ್, ಚೆನ್ನಾಗೇ ಮಾಡ್ತೀರಲ್ಲ.' ಅವರು ನಕ್ಕು 'ಒಕಗೆಸಮದೆ' (ನಿಮ್ಮ ದಯೆ) ಅಂದರು, ದೊಡ್ಡ ಮನುಷ್ಯ. ಮೇಲಿನವರನ್ನು ಅಳೆಯುವ ಪದ ಹಾಕಬಾರದು ಅಂತ ಆವತ್ತು ಗೊತ್ತಾಯ್ತು. ಕೆಕ್ಕೋ ಅನ್ನೋದೂ ಹಾಗೇ. 'ತೈಹೆನ್ ಬೆಂಕ್ಯೋ ನಿ ನರಿಮಶಿತ', ತುಂಬಾ ಕಲಿತೆ ಅಂತ ನನ್ನ ಬಗ್ಗೆ ಹೇಳಿಕೊಂಡರೆ ಸೇಫ್.

ಕಾನೂನು_ಅನುವಾದ:

ಅರ್ಧದಾರಿಯವರೇ, ಎನ್2ರಲ್ಲಿ ಒಂದು ಬಗೆಯ ಪ್ರಶ್ನೆ ಬರುತ್ತಲ್ಲ, ಒಂದು ಪದ ಕೊಟ್ಟು ನಾಲ್ಕು ವಾಕ್ಯ ಕೊಟ್ಟು ಯಾವುದರಲ್ಲಿ ಸರಿಯಾಗಿ ಬಳಕೆಯಾಗಿದೆ ಅಂತ. ಅದಕ್ಕೆ ಕವಾಸಾಕಿಯವರ 'ಬಾಲ'ದ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಬೇಕು. ಕೆಲವು ಪದಗಳಿಗೆ ವಿನಯ ಮಾತ್ರ ಅಲ್ಲ, ವಾಕ್ಯದ ಕೊನೆಯೇ ನಿಗದಿ. ಇವಕ್ಕೆ ಜಪಾನಿ ವ್ಯಾಕರಣದಲ್ಲಿ ಚಿಂಜುತ್ಸು ಫುಕುಶಿ ಅನ್ನುತ್ತಾರೆ.

ಕನ್ನಡದವರಿಗೆ ಇದು ಸುಲಭ, ಯಾಕಂದರೆ ನಮ್ಮಲ್ಲೂ ಕ್ರಿಯಾಪದ ಕೊನೆಗೇ ಬರೋದು. ಯಾರಾದರೂ 'ಸಿನಿಮಾ ಅಷ್ಟೇನೂ...' ಅಂತ ನಿಲ್ಲಿಸಿದರೆ ಮುಂದೆ 'ಚೆನ್ನಾಗಿಲ್ಲ' ಬರುತ್ತೆ ಅಂತ ಗೊತ್ತಾಗುತ್ತೆ ಅಲ್ವಾ? ಸಹೊದೊ ಅಂದರೆ ಅದೇ 'ಅಷ್ಟೇನೂ', ಕೊನೆಗೆ 'ನೈ' (ಇಲ್ಲ) ಬರಲೇಬೇಕು. ಕೆಶ್ಶಿತೆ ಅಂದರೆ 'ಎಂದಿಗೂ... ಇಲ್ಲ'. ಅಂಗಡಿಯಲ್ಲಿ 'ಹೆಂಪಿನ್ ವ ಇಸ್ಸೈ ಒಉಕೆ ದೆಕಿಮಸೆನ್' ಅಂತ ಬೋರ್ಡು ಇದ್ದರೆ, ಮಾರಿದ ಮಾಲು ಸುತರಾಂ ವಾಪಸ್ ತೆಗೆದುಕೊಳ್ಳಲ್ಲ ಅಂತ. ಇಸ್ಸೈ ಓದಿದ ಕೂಡಲೇ 'ಇಲ್ಲ'ಕ್ಕೆ ತಯಾರಾಗಬಹುದು.

ಎಲ್ಲರೂ ಎಡವುವ ಕಡೆ ಕನರಜು. ಡಿಕ್ಷನರಿ 'ಖಂಡಿತ' ಅನ್ನುತ್ತೆ, ನಾವು ನಂಬುತ್ತೇವೆ. 'ಖಂಡಿತ ಬರ್ತೀನಿ', 'ಖಂಡಿತ ಬರಲ್ಲ', ಎರಡೂ ಕನ್ನಡದಲ್ಲಿ ಸರಿ. ಅದೇ ಧೈರ್ಯದಲ್ಲಿ 'ಕನರಜು ಒಕುರೆಮಸೆನ್' ಅಂತ ಬರೆದರೆ ತಪ್ಪು. ಕನರಜುಗೆ ನಮ್ಮಲ್ಲಿ ಸರಿಯಾದ ಜೋಡಿ 'ತಪ್ಪದೇ'. 'ತಪ್ಪದೇ ಬರುತ್ತೇನೆ' ಸರಿ. 'ತಪ್ಪದೇ ತಡಮಾಡುವುದಿಲ್ಲ' ಅಂದರೆ ನಗು ಬರುತ್ತೆ. ಹಾಗೆ ನೆನಪಿಟ್ಟುಕೊಂಡ ಮೇಲೆ ನನಗೆ ಇದು ಒಮ್ಮೆಯೂ ತಪ್ಪಿಲ್ಲ. ತಡ ಮಾಡಲ್ಲ ಅನ್ನಬೇಕಾದರೆ 'ಕೆಶ್ಶಿತೆ ಒಕುರೆಮಸೆನ್'. ಇನ್ನು ಕನರಜುಗೆ ಒಂದು 'ಶಿಮೊ' ಹಚ್ಚಿದರೆ ಪೂರ್ತಿ ಉಲ್ಟಾ. ಕನರಜುಶಿಮೊ ಬಂದರೆ ಕೊನೆಗೆ '...ತೊ ವ ಕಗಿರನೈ', ಯಾವಾಗಲೂ ಹಾಗೇ ಅಂತೇನಿಲ್ಲ.

ಹಳೇಮೇಷ್ಟ್ರು:

'ತಪ್ಪದೇ ತಡಮಾಡುವುದಿಲ್ಲ'. ನಮ್ಮ ಕೇಬಲ್‌ನವನು ಹಾಗೇ ಹೇಳಿ ಹೋಗಿದ್ದಾನೆ, ಹದಿನೈದು ದಿನವಾಯಿತು.

ಅರ್ಧದಾರಿ:

ಅಯ್ಯೋ, ನನ್ನ ನಾಲ್ಕು ಪಟ್ಟಿಯಲ್ಲೂ ಕನರಜು ಎದುರಿಗೆ 'ಖಂಡಿತ' ಅಂತಲೇ ಇದೆ. ಹೊಡೆದು ಹಾಕಿದೆ.

ಇನ್ನೊಂದು ಕೇಳಲಾ? ಸುಗು ಅನ್ನುವುದಕ್ಕೆ ಪಟ್ಟಿಯಲ್ಲಿ ಐದು ಪದ ಇವೆ. ತದಚಿನಿ, ಸುಮಿಯಕನಿ, ಸಸ್ಸೊಕು, ಶಿಕ್ಯೂ, ಸಕ್ಕ್ಯೂನಿ. ಎಲ್ಲದಕ್ಕೂ 'ಕೂಡಲೇ' ಅಂತ ಬರೆದಿದೆ. ಯಾವುದು ಎಲ್ಲಿ?

ಕಾನೂನು_ಅನುವಾದ:

ನನ್ನ ಹೊಟ್ಟೆಪಾಡಿನ ಪ್ರಶ್ನೆ ಇದು! ಜಪಾನಿನ ಕಾನೂನಿನಲ್ಲಿ ಅವಸರಕ್ಕೆ ಮೂರು ಮೆಟ್ಟಿಲಿವೆ. ತದಚಿನಿ ಎಲ್ಲಕ್ಕಿಂತ ಬಿಗಿ, ಒಂದು ಕ್ಷಣವೂ ಸಡಿಲ ಇಲ್ಲ. ಸುಮಿಯಕನಿ ಆದಷ್ಟು ಬೇಗ. ಚಿತೈನಕು ಅಂದರೆ ಸುಮ್ನೆ ಎಳೆಯಬೇಡ, ಆದರೆ ಸರಿಯಾದ ಕಾರಣ ಇದ್ದರೆ ಸ್ವಲ್ಪ ತಡವಾದರೂ ನಡೆಯುತ್ತೆ. ಅಲ್ಲಿನ ರಸ್ತೆ ಸಂಚಾರ ಕಾಯ್ದೆಯ 72ನೇ ಕಲಮಿನಲ್ಲಿ ಅಪಘಾತವಾದರೆ ಚಾಲಕ 'ತದಚಿನಿ' ಗಾಡಿ ನಿಲ್ಲಿಸಿ ಗಾಯಾಳುವನ್ನು ನೋಡಬೇಕು ಅಂತಿದೆ. ಅಲ್ಲಿ ಚಿತೈನಕು ಹಾಕಲು ಆಗುತ್ತಾ? ಕಾಫಿ ಕುಡಿದು ಬಂದು ನಿಲ್ಲಿಸಿದ ಹಾಗಾಗುತ್ತೆ. ನಮ್ಮ ಸರ್ಕಾರಿ ಕನ್ನಡದಲ್ಲಿ 'ತಕ್ಷಣ', 'ಶೀಘ್ರ', 'ವಿಳಂಬವಿಲ್ಲದೆ' ಇವೆ, ಆದರೆ ಇಷ್ಟು ಅಳೆದು ಬಳಸುವುದನ್ನು ನಾನು ನೋಡಿಲ್ಲ. ಅನುವಾದ ಮಾಡುವಾಗ ಇದೇ ನನಗೆ ದೊಡ್ಡ ಕಿರಿಕಿರಿ.

ಕವಾಸಾಕಿ_ಕನ್ನಡಿಗ:

ಆಫೀಸ್ ಕಡೆಯದು ನಾನು ಹೇಳುತ್ತೇನೆ. ತದಚಿನಿ ಮೇಲ್‌ನಲ್ಲಿ ನೀವು ಇನ್ನೊಬ್ಬರಿಗೆ ಬರೆದರೆ ಹುಕುಂ ಆಗುತ್ತೆ, ಬರೆಯಬೇಡಿ. ಸಸ್ಸೊಕು ಬಹಳ ಒಳ್ಳೆಯ ಪದ. ಯಾರಾದರೂ ಬೇಗ ಉತ್ತರ ಕೊಟ್ಟರೆ 'ಸಸ್ಸೊಕು ನೊ ಗೊಹೆನ್‌ಶಿನ್ ಅರಿಗತೋ ಗೊಜೈಮಸ್', ನಾವೇ ಕೂಡಲೇ ಮಾಡುತ್ತೇವೆ ಅನ್ನಲೂ ಸಸ್ಸೊಕು. ಅದರಲ್ಲಿ ಒಂದು ಉತ್ಸಾಹ ಇದೆ. ಶಿಕ್ಯೂ ಅಂದರೆ ಬೆಂಕಿ ಬಿದ್ದಿದೆ ಅಂತ, ದಿನಾ ಹಾಕಿದರೆ ಯಾರೂ ನಂಬಲ್ಲ. ಸಕ್ಕ್ಯೂ ಅನ್ನುವುದನ್ನು ಈಗ ಸೋಕ್ಯೂ ಅಂತಲೂ ಓದುತ್ತಾರೆ, ಯಾವುದಾದರೂ ಅರ್ಥವಾಗುತ್ತೆ, ಹಳಬರಿಗೆ ಸಕ್ಕ್ಯೂ ಇಷ್ಟ.

ಒಂದು ವಿಷಯ ಮಾತ್ರ ಬೇರೆ. ಗಂಭೀರ ಪದ ಅಂದರೆ ಮೇಲಿನ ಪದ ಅಂತ ನಾನೂ ಅಂದುಕೊಂಡಿದ್ದೆ. 2024ರ ಜನವರಿ 1ಕ್ಕೆ ಇಲ್ಲಿನ ನೋತೊ ಪ್ರದೇಶದಲ್ಲಿ 7.6 ತೀವ್ರತೆಯ ಭೂಕಂಪ ಆದಾಗ ಟಿವಿ ಮುಂದೆ ಇದ್ದೆ. ಜಪಾನಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯ ವಾರ್ತೆ ಓದುವ ಹೆಂಗಸು, ಬೇರೆ ದಿನ ಅಷ್ಟು ತಣ್ಣಗೆ ಓದುವವರು, 'ಇಮ ಸುಗು ನಿಗೆರು ಕೊತೊ!' ಅಂತ ಕಿರುಚುತ್ತಿದ್ದರು. ಈಗಲೇ ಓಡಿ. ತದಚಿನಿ ಇಲ್ಲ, ಹಿನನ್ (ಸ್ಥಳಾಂತರ) ಇಲ್ಲ, ಮಕ್ಕಳಿಗೂ ಗೊತ್ತಿರುವ ಇಮ ಸುಗು. 2011ರ ಸುನಾಮಿಯ ನಂತರ ಅವರು ಎಚ್ಚರಿಕೆಯ ಮಾತನ್ನೇ ಬದಲಾಯಿಸಿದರು, ತಣ್ಣಗಿನ ಸಭ್ಯ ಭಾಷೆಗೆ ಜನ ಏಳಲ್ಲ ಅಂತ. ಸುಗು ಅನ್ನುವುದು ಕೀಳು ಪದ ಅಂತ ಅವತ್ತಿನಿಂದ ನಾನು ಅಂದುಕೊಂಡಿಲ್ಲ.

ಅನಿಮೆ_ಹುಚ್ಚ:

ಸರಿ, ಒಪ್ಪಿದೆ. ಆದರೆ ಯಾವ ಪದ ಎಲ್ಲಿ ಅಂತ ಪ್ರತಿ ಸಲ ನಿಮ್ಮನ್ನು ಕೇಳೋಕಾಗಲ್ವಲ್ಲ, ನೋಡ್ಕೊಳ್ಳೋದು ಎಲ್ಲಿ?

ಕಾನೂನು_ಅನುವಾದ:

ಶೋನಗೊನ್ ಅಂತ ಹುಡುಕಿ. ಜಪಾನಿನ ರಾಷ್ಟ್ರೀಯ ಭಾಷಾ ಸಂಸ್ಥೆಯವರ ಪದಭಂಡಾರ, ಸುಮಾರು 10 ಕೋಟಿ ಪದಗಳ ಬರಹ ಅದರಲ್ಲಿದೆ, ಉಚಿತ. ಚೆಂದ ಏನು ಅಂದರೆ ಬರಹದ ಜಾತಿ ಆರಿಸಿಕೊಂಡು ಹುಡುಕಬಹುದು. ಸರ್ಕಾರಿ ಶ್ವೇತಪತ್ರ, ಸಂಸತ್ತಿನ ನಡಾವಳಿ, ಕಾನೂನು, ಪಠ್ಯಪುಸ್ತಕ ಒಂದು ಕಡೆ. ಜನ ಪ್ರಶ್ನೆ ಕೇಳುವ ಯಾಹೂ ಚಿಎಬುಕುರೊ, ಬ್ಲಾಗು ಇನ್ನೊಂದು ಕಡೆ. ಒಂದು ಪದವನ್ನು ಶ್ವೇತಪತ್ರದಲ್ಲಿ ಹುಡುಕಿ, ಅದೇ ಪದವನ್ನು ಚಿಎಬುಕುರೊದಲ್ಲಿ ಹುಡುಕಿ. ಎಲ್ಲಿ ಗಿಜಿಗಿಜಿ ಅನ್ನುತ್ತೋ ಅದೇ ಅದರ ಮನೆ. ಜತೆಗೆ ಸಾಲಿನ ಬಲಗಡೆ ಬಾಲವೂ ಕಾಣುತ್ತೆ, ಅದನ್ನು ಹಾಗೇ ಕಾರ್ಡಿಗೆ ಎತ್ತಿಕೊಳ್ಳಿ.

ಅರ್ಧದಾರಿ:

ಇವತ್ತು ನಿಜವಾದ ಪರೀಕ್ಷೆ ಬಂತು. ಕ್ಲೈಂಟ್ ಮಧ್ಯಾಹ್ನ ಕಳಿಸಿದ ಮೇಲ್ ನೋಡಿರಲಿಲ್ಲ, ಒಂದು ಫೈಲ್ ತಿದ್ದಿ ನಾಳೆಯೊಳಗೆ ಕಳಿಸಬೇಕು. ಮೊದಲು ಕೈಗೆ ಬಂದದ್ದು ಹೀಗಿತ್ತು:

'ಸಕ್ಕಿ ನೊ ಮೇರು, ಜೆನ್‌ಜೆನ್ ಕಿಜುಕಿಮಸೆನ್ ದೆಶಿತ. ಸುಗು ನಓಶಿಮಸ್. ತಬುನ್ ಅಶಿತ ಮದೆ ನಿ ಒಕುರೆಮಸ್. ಚೊತ್ತೊ ಮತ್ತೆ ಕುದಸೈ.' (ಆಗಿನ ಮೇಲ್ ಗಮನಿಸಲೇ ಇಲ್ಲ. ಕೂಡಲೇ ಸರಿಮಾಡುತ್ತೇನೆ. ಬಹುಶಃ ನಾಳೆಯೊಳಗೆ ಕಳಿಸಬಲ್ಲೆ. ಸ್ವಲ್ಪ ತಾಳಿ.)

ಓದಿದರೆ ಪಕ್ಕದ ಮನೆಯವರ ಹತ್ತಿರ ಸಕ್ಕರೆ ಸಾಲ ಕೇಳಿದ ಹಾಗಿದೆ. ತಿದ್ದಿದೆ:

'ಸಕಿಹೊದೊ ನೊ ಮೇರು ನಿ ಕಿ ಗ ತ್ಸುಕಜು, ಮಕೊತೊನಿ ಮೋಶಿವಕೆ ಗೊಜೈಮಸೆನ್. ಸಸ್ಸೊಕು ಶೂಸೆಇ ಇತಶಿಮಸ್. ಒಸೊರಕು ಮ್ಯೋನಿಚಿ ಮದೆ ನಿ ಒಒಕುರಿ ದೆಕಿಮಸ್. ಶೋಶೋ ಒಮಚಿ ಕುದಸೈ.'

ಕಳಿಸಲಾ?

ಕವಾಸಾಕಿ_ಕನ್ನಡಿಗ:

ತಡೀರಿ. ಮೊದಲೆರಡು ಸಾಲು ಬಂಗಾರ. ಮುಂದೆ ಎರಡು ಕಲ್ಲು ಇವೆ.

ಒಸೊರಕು ಗಂಭೀರ ಪದವೇ, ಆದರೆ ಅದು ಊಹೆ. 'ಒಸೊರಕು ನಾಳೆ ಮಳೆ ಬರಬಹುದು' ಅನ್ನುವ ಹಾಗೆ. ನಿಮ್ಮದೇ ಕೆಲಸಕ್ಕೆ ನೀವೇ ಊಹೆ ಹೇಳಿದರೆ ಅವರು ಯಾರನ್ನು ಕೇಳಬೇಕು? ನಾಳೆ ಗ್ಯಾರಂಟಿ ಆದರೆ 'ಮ್ಯೋನಿಚಿ ಮದೆ ನಿ ಕನರಜು ಒಒಕುರಿ ಇತಶಿಮಸ್'. ಗ್ಯಾರಂಟಿ ಇಲ್ಲದಿದ್ದರೆ ಕ್ರಿಯಾವಿಶೇಷಣವನ್ನೇ ತೆಗೆದು ಬಾಲದಲ್ಲಿ ಹೇಳಿ, 'ಒಒಕುರಿ ದೆಕಿರು ಮಿಕೊಮಿ ದೆಸ್', ಕಳಿಸುವ ಅಂದಾಜಿದೆ ಅಂತ.

ಇನ್ನು ಶೋಶೋ. ಅದು ಕೌಂಟರಿನಲ್ಲಿ ಒಂದೆರಡು ನಿಮಿಷ ನಿಲ್ಲಿಸುವಾಗಿನ ಪದ. ನಾಳೆಯವರೆಗೆ ಶೋಶೋ ಅಂದರೆ ಪಾಪ ಅವರು ಫೋನ್ ಹಿಡಿದುಕೊಂಡೇ ನಿಂತಿರುತ್ತಾರೆ. 'ಇಮ ಶಿಬರಕು ಒಮಚಿ ಕುದಸೈ' (ಇನ್ನೂ ಸ್ವಲ್ಪ ಸಮಯ ಕಾಯಿರಿ) ಹಾಕಿ.

ಸೆಕೆಂಡ್‌ಶಿಫ್ಟ್:

ನಮ್ಮ ಸರ್ಕಾರಿ ಆಫೀಸಿನ 'ಒಂದೈದು ನಿಮಿಷ ಕೂತ್ಕೊಳ್ಳಿ' ಶೋಶೋನಾ ಶಿಬರಕುನಾ?

ಹಳೇಮೇಷ್ಟ್ರು:

ಅದು ಚಿತೈನಕು.

ಅರ್ಧದಾರಿ:

ನಗಿಸಬೇಡಿ, ಆಫೀಸಲ್ಲಿದ್ದೇನೆ. ಫೈಲ್ ಇನ್ನೊಬ್ಬರ ಕೈಯಲ್ಲೂ ಇದೆ, ಗ್ಯಾರಂಟಿ ಕೊಡಲಾರೆ, ಹಾಗಾಗಿ ಮಿಕೊಮಿ ಹಾಕಿ ಕಳಿಸಿದೆ. ಇಮ ಶಿಬರಕು ಕೂಡ.

ಅರ್ಧದಾರಿ:

ಉತ್ತರ ಬಂತು, ಇಪ್ಪತ್ತು ನಿಮಿಷದಲ್ಲಿ. ಶುರುವಾಗಿದ್ದೇ 'ಸಸ್ಸೊಕು ನೊ ಗೊರೆನ್‌ರಕು, ಅರಿಗತೋ ಗೊಜೈಮಸ್' (ಬೇಗ ತಿಳಿಸಿದ್ದಕ್ಕೆ ಧನ್ಯವಾದ) ಅಂತ. ಕೊನೆಗೆ, ಅವಸರ ಇಲ್ಲ, ಆದರೆ ಈ ಸಲವೂ ಪರೀಕ್ಷೆ ಮಾಡಿ ಕಳಿಸಿ ಅಂದಿದ್ದಾರೆ. ಇಚಿಓ ಇನ್ನೂ ಮರೆತಿಲ್ಲ.